ಕಾಫಿಗೆ ಒಂದು ಎನ್ ಸೇರಿಸಿದರೆ

ಹೋದ ಸಂಚಿಕೆಯ ಕೊನೆಯಲ್ಲಿ ಒಂದು ಚಿಕ್ಕ ಕೆಲಸ ಕೊಟ್ಟಿದ್ದೆ. ಇಂಗ್ಲಿಷಿನಲ್ಲಿ ಕಾಫಿ ಅಂತ ಬರೆಯಿರಿ: ಸಿ-ಓ-ಎಫ್-ಎಫ್-ಇ-ಇ. ಅದಕ್ಕೆ ಒಂದು ಎನ್ ಸೇರಿಸಿ, ಏಳನ್ನೂ ಕಲಸಿ, ಬೇರೆ ಪದ ಮಾಡಿ. ಉತ್ತರ ಅಫೆನ್ಸ್. ಓ-ಎಫ್-ಎಫ್-ಇ-ಎನ್-ಸಿ-ಇ. ಅಂದರೆ ಅಪರಾಧ. ಸರಿ ಉತ್ತರ ಬರೆದವರು ತುಂಬಾ ಜನ. ನಾಪೋಕ್ಲಿನ ಹಿರಿಯರೊಬ್ಬರು ಮಾತ್ರ ಉತ್ತರದ ಕೆಳಗೆ, ‘ಕೊಡಗಿನಲ್ಲೇ ಕೂತು ಕಾಫಿ ಒಳಗೆ ಅಪರಾಧ ಹುಡುಕುತ್ತೀರಲ್ಲ, ನಮ್ಮ ಮನೆಗೆ ಬಂದರೆ ನಿಮಗೆ ಟೀ ಮಾತ್ರ’ ಅಂತ ಸೇರಿಸಿದ್ದಾರೆ. ಬರ್ತೀನಿ ಸರ್, ಟೀ ಆದರೂ ಆಗಲಿ.

ಉಳಿದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. ಇಂತಿಂಥ ಅಕ್ಷರ ಇರುವ ಇಂಗ್ಲಿಷ್ ಪದ ಬೇಕು ಅಂದರೆ ಹುಡುಕೋದು ಹೇಗೆ? ಹಾಗಾಗಿ ಈ ಸಲ ಪೂರ್ತಿ ಅದೇ. ನಾನು ಇಂಗ್ಲಿಷ್ ಮೇಷ್ಟ್ರಲ್ಲ, ಎಸ್ಟೇಟಿನಲ್ಲಿ ಚೆಕ್‌ರೋಲ್, ಅಂದರೆ ಕೆಲಸದವರ ಹಾಜರಿ ಪುಸ್ತಕ, ಬರೆದು ರಿಟೈರ್ ಆದ ರೈಟರ್, ಅಂದರೆ ಗುಮಾಸ್ತ. ಈ ಪದದ ಹುಚ್ಚು ಹಿಡಿದಿದ್ದೇ ಮಳೆಗಾಲದಲ್ಲಿ, ಆಫೀಸಿನಲ್ಲಿ ಕೆಲಸವಿಲ್ಲದೆ ಸುಮ್ನೆ ಕೂತ ಮಧ್ಯಾಹ್ನಗಳಲ್ಲಿ. ಇನ್ನೊಂದು ಮಾತು. ಈ ಪುಟದಲ್ಲಿ ಇಂಗ್ಲಿಷ್ ಅಚ್ಚು ಬಳಸೋದಿಲ್ಲ, ಅಕ್ಷರಗಳೂ ಕನ್ನಡದಲ್ಲೇ. ಪಕ್ಕದಲ್ಲಿ ಒಂದು ಪೆನ್ಸಿಲ್, ಹಳೇ ಕ್ಯಾಲೆಂಡರಿನ ಹಾಳೆ ಇಟ್ಟುಕೊಂಡು ಓದಿ.

ಪ್ರಶ್ನೆ: ನನ್ನ ಮಗಳು ಏಳನೇ ಕ್ಲಾಸು. ‘ಕಾಫಿ ಪದದ ಅಕ್ಷರಗಳಿರುವ ಹತ್ತು ಇಂಗ್ಲಿಷ್ ಪದ ಬರೆಯಿರಿ’ ಅಂತ ಹೋಮ್‌ವರ್ಕ್ ಕೊಟ್ಟಿದ್ದರು. ಅವಳು ಫೋರ್ಸ್, ಆಫೀಸ್, ಫೋರ್‌ಕಾಸ್ಟ್ ಅಂತೆಲ್ಲ ಬರೆದಳು. ಟೀಚರ್ ಎಲ್ಲಕ್ಕೂ ತಪ್ಪು ಹಾಕಿ, ‘ಕಾಫಿಯಲ್ಲಿ ಎರಡು ಇ ಇಲ್ವಾ?’ ಅಂದರಂತೆ. ಮಗಳು ರಾತ್ರಿ ಊಟ ಬಿಟ್ಟಳು. ಯಾರದ್ದು ಸರಿ ಸರ್?
– ಸುಂಟಿಕೊಪ್ಪದಿಂದ ಒಬ್ಬ ತಾಯಿ

ಉತ್ತರ: ಇಬ್ಬರದ್ದೂ ಸರಿ ಅಮ್ಮಾ. ಎಡವಟ್ಟಾಗಿರೋದು ಪ್ರಶ್ನೆಯಲ್ಲಿ. ‘ಈ ಅಕ್ಷರಗಳಿರುವ ಪದ’ ಅನ್ನೋ ಮಾತಿನೊಳಗೆ ಮೂರು ಬೇರೆ ಬೇರೆ ಪ್ರಶ್ನೆ ಅಡಗಿ ಕೂತಿದೆ. ಅದನ್ನು ಬಿಡಿಸಿಕೊಳ್ಳದೆ ಹುಡುಕೋಕೆ ಹೊರಟರೆ ಮನೆಯಲ್ಲೂ ಜಗಳ, ಸ್ಕೂಲಲ್ಲೂ ಜಗಳ.

ಒಂದನೇದು, ಆ ಅಕ್ಷರ ಒಂದೊಂದು ಸಲವಾದರೂ ಬಂದಿರಬೇಕು, ಎಷ್ಟು ಸಲ ಅನ್ನೋ ಲೆಕ್ಕ ಬೇಡ. ಹಾಗಾದರೆ ಕಾಫಿಯಲ್ಲಿರೋದು ನಾಲ್ಕೇ ಅಕ್ಷರ: ಸಿ, ಓ, ಎಫ್, ಇ. ನಿಮ್ಮ ಮಗಳ ಫೋರ್ಸ್ ಸರಿ, ಆಫೀಸ್ ಸರಿ, ಫೋರ್‌ಕಾಸ್ಟ್ ಸರಿ. ಎನ್‌ಫೋರ್ಸ್, ಕನ್ಫೆಸ್, ಪರ್ಫೆಕ್ಷನ್, ಕಂಫರ್ಟಬಲ್ ಕೂಡ ಸರಿ. ಹತ್ತೇನು, ಐವತ್ತು ಬರೆಯಬಹುದು.

ಎರಡನೇದು, ಎಷ್ಟು ಸಲ ಇದೆಯೋ ಅಷ್ಟು ಸಲವೂ ಬರಬೇಕು. ಎರಡು ಎಫ್, ಎರಡು ಇ, ಒಂದು ಸಿ, ಒಂದು ಓ. ಟೀಚರ್ ಮನಸ್ಸಿನಲ್ಲಿ ಇದ್ದದ್ದು ಇದು. ಹೀಗಾದರೆ ಕಷ್ಟ. ಕಾಫಿಯದೇ ಮರಿಗಳಾದ ಕಾಫಿಪಾಟ್, ಕಾಫಿಹೌಸ್ ಬಿಟ್ಟರೆ ನನಗೆ ಸಿಕ್ಕಿದ್ದು ಮೂರು, ಅದಕ್ಕೂ ಒಂದು ಸಂಜೆ ಹಿಡಿಯಿತು. ಒಂದು ಆ ಅಫೆನ್ಸ್. ಇನ್ನೊಂದು ಎಫೆಕ್ಟರ್, ಇ-ಎಫ್-ಎಫ್-ಇ-ಸಿ-ಟಿ-ಓ-ಆರ್, ಜೀವಶಾಸ್ತ್ರದವರು ಬಳಸೋ ಪದ. ಮೂರನೇದು ಆಫೀಸ್‌ಹೋಲ್ಡರ್, ಸಂಘದ ಪದಾಧಿಕಾರಿ. ಏಳನೇ ಕ್ಲಾಸಿನ ಮಗು ಇಂಥವು ಹತ್ತು ತರಬೇಕು ಅಂದರೆ ಅದು ಹೋಮ್‌ವರ್ಕ್ ಅಲ್ಲ, ಶಿಕ್ಷೆ.

ಮೂರನೇದು, ಆ ಅಕ್ಷರ ಬಿಟ್ಟು ಬೇರೆ ಬರಲೇಬಾರದು. ಆಗ ಸಿಗೋದು ಫೀ, ಆಫ್, ಶತ್ರು ಅನ್ನೋ ಅರ್ಥದ ಫೋ, ಇಂಥ ಪುಟಾಣಿಗಳು.

ಇನ್ನೊಂದು ತಮಾಷೆ ನೋಡಿ. ಅಮೆರಿಕದವರು ಅಫೆನ್ಸ್ ಬರೆಯುವಾಗ ಸಿ ಜಾಗದಲ್ಲಿ ಎಸ್ ಹಾಕುತ್ತಾರೆ. ಅಲ್ಲಿಗೆ ನಮ್ಮ ಕಾಫಿ ಲೆಕ್ಕ ಕೆಟ್ಟುಹೋಗುತ್ತದೆ. ಕಳೆದ ಸಲ ಫೋನಿನಲ್ಲಿ ಹುಡುಕಿದರೂ ಉತ್ತರ ಬರಲಿಲ್ಲ ಅಂದವರು, ನಿಮ್ಮ ಫೋನಿನ ಡಿಕ್ಷನರಿ ಅಮೆರಿಕದ್ದಾ ಅಂತ ಒಮ್ಮೆ ನೋಡಿ.

ಟೀಚರ್ ಹತ್ತಿರ ಜಗಳಕ್ಕೆ ಹೋಗಬೇಡಿ. ಮಗಳೇ ಹೋಗಿ, ‘ಮಿಸ್, ಒಂದೊಂದು ಸಲ ಬಂದರೆ ಸಾಕಾ, ಎರಡು ಇ ಬೇಕೇ ಬೇಕಾ?’ ಅಂತ ಕೇಳಲಿ. ಊಟ ಬಿಡೋದಂತೂ ಬೇಡ.

ಪ್ರಶ್ನೆ: ಡಿಕ್ಷನರಿ ಸೈಟಿನಲ್ಲಿ ಸ್ಟಾರ್ ಗುರುತು ಹಾಕಿ ಹುಡುಕು ಅಂತ ಮಗ ಹೇಳಿಕೊಟ್ಟ. ಕೆ ಮತ್ತು ವೈ ಇರೋ ಪದ ಬೇಕಿತ್ತು. ಸ್ಟಾರ್, ಕೆ, ಸ್ಟಾರ್, ವೈ, ಸ್ಟಾರ್ ಅಂತ ಹಾಕಿದೆ. ಕೀ ಬಂತು, ಸ್ಕೈ ಬಂತು, ಮಂಕಿ ಬಂತು. ಹಿಮಾಲಯದ ಆ ಎಮ್ಮೆ, ಯಾಕ್, ಅದು ಮಾತ್ರ ಬರಲೇ ಇಲ್ಲ. ಯಾಕೆ?
– ಗೋಣಿಕೊಪ್ಪಲಿನಿಂದ ಒಬ್ಬ ಅಂಗಡಿಯವರು

ಉತ್ತರ: ‘ಯಾಕ್ ಯಾಕೆ ಬರಲಿಲ್ಲ’ ಅನ್ನೋ ಪ್ರಶ್ನೆಗೆ ಉತ್ತರ ಬರೆಯೋ ಯೋಗ ಎಲ್ಲರಿಗೂ ಸಿಗೋದಿಲ್ಲ. ಥ್ಯಾಂಕ್ಸ್.

ಸ್ಟಾರ್ ಅಂದರೆ ಆ ಜಾಗದಲ್ಲಿ ಏನು ಬೇಕಾದರೂ ಇರಲಿ, ಏನೂ ಇಲ್ಲದಿದ್ದರೂ ಸರಿ ಅಂತ ಅರ್ಥ. ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಅಲ್ಲಿ ಒಂದೇ ಒಂದು ಅಕ್ಷರ. ಆದರೆ ನೀವು ಕೊಟ್ಟ ಸಾಲು ಕೆ ಮೊದಲು, ವೈ ಆಮೇಲೆ ಅಂತಲೂ ಹೇಳಿಬಿಡುತ್ತದೆ. ಯಾಕ್‌ನಲ್ಲಿ ವೈ ಮುಂದೆ, ಕೆ ಹಿಂದೆ. ಎತ್ತಿನ ಹೆಗಲಿಗೆ ಕಟ್ಟೋ ನೊಗ, ಯೋಕ್, ಅದೂ ಹಾಗೇ ತಪ್ಪಿಸಿಕೊಂಡಿರುತ್ತದೆ. ಎರಡೇ ಅಕ್ಷರವಾದರೆ ತಿರುಗಿಸಿ ಇನ್ನೊಂದು ಸಲ ಹುಡುಕಬಹುದು. ಮೂರಾದರೆ 6 ಸಲ, ನಾಲ್ಕಾದರೆ 24 ಸಲ. ಅಷ್ಟು ಹೊತ್ತಿಗೆ ಅಂಗಡಿಗೆ ಬಂದ ಗಿರಾಕಿ ಪಕ್ಕದ ಅಂಗಡಿಗೆ ಹೋಗಿರುತ್ತಾನೆ.

ಇದಕ್ಕೆ ಒಳ್ಳೇ ದಾರಿ ಜರಡಿ. ಕುಶಾಲನಗರದ ಕಡೆ ಕ್ಯೂರಿಂಗ್ ವರ್ಕ್ಸ್ ಒಳಗೆ ಹೋಗಿ ನೋಡಿದ್ದರೆ ಗೊತ್ತಿರುತ್ತದೆ, ಕಾಫಿ ಬೇಳೆಯನ್ನು ಒಂದು ಜರಡಿಯಿಂದ ಇನ್ನೊಂದಕ್ಕೆ ಬಿಟ್ಟು ಗಾತ್ರ ಬೇರೆ ಮಾಡುತ್ತಾರಲ್ಲ, ಥೇಟ್ ಹಾಗೇ. ಎಲ್ಲಾ ಪದಗಳನ್ನೂ ಕೆ ಅನ್ನೋ ಜರಡಿಗೆ ಹಾಕಿ. ಕೆ ಇಲ್ಲದ್ದು ಉದುರಿ ಹೋಗಲಿ. ಮೇಲೆ ಉಳಿದದ್ದನ್ನು ವೈ ಜರಡಿಗೆ ಹಾಕಿ. ಈಗ ಉಳಿದದ್ದರಲ್ಲಿ ಎರಡೂ ಇದೆ. ಯಾವುದು ಮುಂದೆ, ಯಾವುದು ಹಿಂದೆ ಅನ್ನೋ ತಲೆನೋವೇ ಇಲ್ಲ.

ಎಕ್ಸೆಲ್ ಬರುತ್ತೆ ಅಂದರೆ ಇದು ಐದು ನಿಮಿಷದ ಕೆಲಸ. ಎನೇಬಲ್ ಅಂತ ಒಂದು ಪದಪಟ್ಟಿ ಇದೆ, ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಸಾಲಿಗೊಂದರಂತೆ ಸುಮಾರು 1.73 ಲಕ್ಷ ಪದ. ಎಕ್ಸೆಲ್ ಹಾಳೆ ಹತ್ತು ಲಕ್ಷಕ್ಕೂ ಜಾಸ್ತಿ ಸಾಲು ಹಿಡಿಯೋದರಿಂದ ಜಾಗದ ಚಿಂತೆ ಇಲ್ಲ. ಫಿಲ್ಟರ್‌ಗೆ ಹೋಗಿ ‘ಕಂಟೇನ್ಸ್’ ಆರಿಸಿ ಕೆ ಹಾಕಿ, ಕೆಳಗೆ ‘ಆಂಡ್’ ಒತ್ತಿ ವೈ ಹಾಕಿ. ಆ ಪೆಟ್ಟಿಗೆಯಲ್ಲಿ ಒಂದು ಸಲಕ್ಕೆ ಎರಡೇ ಷರತ್ತು. ಮೂರನೇ ಅಕ್ಷರ ಬೇಕಿದ್ದರೆ ಬಂದದ್ದನ್ನು ಬೇರೆ ಹಾಳೆಗೆ ಕಾಪಿ ಮಾಡಿ ಮತ್ತೆ ಫಿಲ್ಟರ್ ಹಾಕಿ. ಮಗ ಕಂಪ್ಯೂಟರ್ ಓದುತ್ತಿದ್ದರೆ ಗ್ರೆಪ್ ಅನ್ನಿ, ಅವನಿಗೆ ಅರ್ಥವಾಗುತ್ತದೆ. ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ 1970ರ ದಶಕದಲ್ಲಿ ಬರೆದ ಜರಡಿ ಅದು, ಇವತ್ತಿಗೂ ಒಂದು ಕಣ್ಣೂ ಹರಿದಿಲ್ಲ.

ಪ್ರಶ್ನೆ: ಏಳು ಅಕ್ಷರ ಕೊಟ್ಟರೆ ಅದನ್ನು 5040 ರೀತಿ ಜೋಡಿಸಬಹುದು ಅಂತ ಗಣಿತದಲ್ಲಿ ಓದಿದ್ದೇನೆ. ಆದರೂ ಫೋನಿನ ಆಪ್ ಕಣ್ಣು ಮಿಟುಕಿಸೋದರೊಳಗೆ ಎಲ್ಲಾ ಪದ ತೋರಿಸುತ್ತದೆ. ಅದು ನಿಜವಾಗಿಯೂ 5040 ಸಲ ಜೋಡಿಸುತ್ತಾ?
– ಮಡಿಕೇರಿಯಿಂದ ಒಬ್ಬ ಡಿಗ್ರಿ ವಿದ್ಯಾರ್ಥಿ

ಉತ್ತರ: ಜೋಡಿಸಿದರೂ ಕಂಪ್ಯೂಟರಿಗೆ ಅದು ದೊಡ್ಡ ಕೆಲಸ ಅಲ್ಲ. ಆದರೆ ಬುದ್ಧಿವಂತರು ಬರೆದ ಆಪ್ ಆಗಿದ್ದರೆ ಜೋಡಿಸೋದೇ ಇಲ್ಲ. ಕೀಲಿ ಬೇರೆ ಇದೆ, ಅದು ಎಷ್ಟು ಸರಳ ಅಂದರೆ ಮೊದಲ ಸಲ ತಿಳಿದಾಗ ನನಗೆ ಯಾಕೆ ಹೊಳೆಯಲಿಲ್ಲ ಅಂತ ಬೇಜಾರಾಯಿತು.

ಲಿಸನ್ ಪದ ತಗೊಳ್ಳಿ. ಎಲ್-ಐ-ಎಸ್-ಟಿ-ಇ-ಎನ್. ಇದರ ಅಕ್ಷರಗಳನ್ನು ಎಬಿಸಿಡಿ ಕ್ರಮದಲ್ಲಿ ನಿಲ್ಲಿಸಿ: ಇ-ಐ-ಎಲ್-ಎನ್-ಎಸ್-ಟಿ. ಈಗ ಸೈಲೆಂಟ್ ತಗೊಂಡು ಹಾಗೇ ಮಾಡಿ. ಅದೇ ಸಾಲು. ಎನ್‌ಲಿಸ್ಟ್? ಅದೇ. ಟಿನ್ಸೆಲ್? ಅದೇ. ಇನ್‌ಲೆಟ್ಸ್? ಅದೇ. ಅಂದರೆ ಈ ಐದೂ ಪದಕ್ಕೆ ಒಂದೇ ಮನೆ ವಿಳಾಸ. ಆಪ್ ಮಾಡೋದು ಇಷ್ಟೇ. ಡಿಕ್ಷನರಿಯ ಪ್ರತಿ ಪದಕ್ಕೂ ಹೀಗೆ ವಿಳಾಸ ಬರೆದು, ಒಂದೇ ವಿಳಾಸದವರನ್ನು ಒಂದೇ ಕಡೆ ಇಟ್ಟಿರುತ್ತದೆ. ಈ ಕೆಲಸ ಒಂದು ಸಲ ಮಾಡಿದರೆ ಮುಗಿಯಿತು. ನೀವು ಏಳು ಅಕ್ಷರ ಕೊಟ್ಟ ತಕ್ಷಣ ಅದನ್ನೂ ಕ್ರಮಕ್ಕೆ ನಿಲ್ಲಿಸಿ, ಆ ಬಾಗಿಲು ತಟ್ಟುತ್ತದೆ. 5040 ಸಲ ಅಲ್ಲ, ಒಂದೇ ಸಲ. ಏಳರಲ್ಲಿ ಐದೋ ಆರೋ ಬಳಸಿದ ಪದಗಳೂ ಬೇಕು ಅಂದರೆ, ಏಳರಿಂದ ಆರಿಸಬಹುದಾದ ಗುಂಪು ಒಟ್ಟು 127. ತಟ್ಟಬೇಕಾದ ಬಾಗಿಲೂ ಅಷ್ಟೇ.

ನಮ್ಮ ಕಿತ್ತಳೆಯನ್ನೇ ಹೀಗೆ ತಟ್ಟಿ ನೋಡಿದೆ. ಆರೆಂಜ್, ಓ-ಆರ್-ಎ-ಎನ್-ಜಿ-ಇ. ಆ ಮನೆಯಲ್ಲಿ ಇನ್ನೊಬ್ಬ ಇದ್ದಾನೆ: ಓನಜರ್, ಓ-ಎನ್-ಎ-ಜಿ-ಇ-ಆರ್. ಯಾರು ಅಂತೀರಾ? ಕಾಡುಕತ್ತೆ. ಗುಜರಾತಿನ ಕಛ್ ಕಡೆ ಓಡಾಡಿಕೊಂಡಿದೆಯಲ್ಲ, ಅದೇ. ಕೊಡಗಿನ ಕಿತ್ತಳೆಗೂ ಕಛ್‌ನ ಕತ್ತೆಗೂ ಒಂದೇ ವಿಳಾಸ!

ನೀವು ಗಣಿತದವರು ಅಂದ್ರಿ, ಹಾಗಾಗಿ ಇನ್ನೊಂದು ಉಪಾಯ ಹೇಳ್ತೀನಿ, ಇದು ನನಗೆ ತುಂಬಾ ಇಷ್ಟ. 26 ಅಕ್ಷರಕ್ಕೂ ಒಂದೊಂದು ಅವಿಭಾಜ್ಯ ಸಂಖ್ಯೆ ಕೊಡಿ. ಎ ಅಂದರೆ 2, ಬಿ 3, ಸಿ 5, ಡಿ 7, ಇ 11, ಹೀಗೆ. ಪದದ ಅಕ್ಷರಗಳ ಸಂಖ್ಯೆಯನ್ನು ಗುಣಿಸಿ. ಕ್ಯಾಬ್, ಸಿ-ಎ-ಬಿ, ಅಂದರೆ 5 ಗುಣಿಸು 2 ಗುಣಿಸು 3, ಒಟ್ಟು 30. ಅಕ್ಷರ ಹಿಂದುಮುಂದಾದರೂ 30 ಬದಲಾಗೋದಿಲ್ಲ. ಈಗ ಬ್ಯಾಕ್ ತಗೊಳ್ಳಿ, ಬಿ-ಎ-ಸಿ-ಕೆ. ಕೆ ಹನ್ನೊಂದನೇ ಅಕ್ಷರ, ಹನ್ನೊಂದನೇ ಅವಿಭಾಜ್ಯ ಸಂಖ್ಯೆ 31. ಗುಣಿಸಿದರೆ 930. ಈ 930ನ್ನು 30ರಿಂದ ಭಾಗಿಸಿ. ಶೇಷ ಸೊನ್ನೆ, ಅಂದರೆ ಬ್ಯಾಕ್ ಒಳಗೆ ಕ್ಯಾಬಿನ ಅಕ್ಷರ ಎಲ್ಲಾ ಇದೆ. ಭಾಗಲಬ್ಧ 31, ಅಂದರೆ ಮಿಕ್ಕಿದ್ದು ಕೆ. ಸುಂಟಿಕೊಪ್ಪದ ಟೀಚರ್ ಕೇಳಿದ ‘ಎರಡು ಇ’ ಲೆಕ್ಕವೂ ಇದರಲ್ಲಿ ತಾನಾಗಿಯೇ ಸರಿಹೋಗುತ್ತದೆ, ಯಾಕಂದರೆ ಎರಡು ಇ ಇದ್ದರೆ 11 ಎರಡು ಸಲ ಗುಣಿಸಿರಬೇಕು. ಉದ್ದದ ಪದಕ್ಕೆ ಸಂಖ್ಯೆ ಮೈಲುದ್ದ ಬೆಳೆಯುತ್ತದೆ, ಕೈಲೆಕ್ಕಕ್ಕೆ ಆಗೋದಿಲ್ಲ. ಸಣ್ಣ ಪದಕ್ಕೆ ಕ್ಯಾಲ್ಕುಲೇಟರ್ ಇಟ್ಟುಕೊಂಡು ಆಡಿ ನೋಡಿ, ಮಜಾ ಇದೆ.

ಪ್ರಶ್ನೆ: ನೀವೆಲ್ಲ ಫೋನು, ಕಂಪ್ಯೂಟರ್ ಅಂತೀರಿ. ನಮ್ಮ ಕಡೆ ಮಳೆ ಹಿಡಿದರೆ ಕರೆಂಟಿಲ್ಲ, ಟವರ್ ಸಿಗಲ್ಲ. ನನ್ನ ಹತ್ತಿರ ಇರೋದು ಒಂದು ಹಳೇ ಡಿಕ್ಷನರಿ, ಒಂದು ಕನ್ನಡಕ. ಕೈಯಲ್ಲಿ ಹುಡುಕೋ ದಾರಿ ಹೇಳಿ.
– ಸೋಮವಾರಪೇಟೆಯಿಂದ ಒಬ್ಬ ನಿವೃತ್ತರು

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು, ಯಾಕಂದರೆ ನನ್ನ ಆಟವೂ ಹಾಗೇ ಶುರುವಾದದ್ದು. ನಮ್ಮ ಮನೆಯಲ್ಲಿ ಒಂದು ಹಳೇ ಬಿಸ್ಕೆಟ್ ಡಬ್ಬ ಇದೆ. ಅದರ ತುಂಬಾ ಮದುವೆ ಕಾಗದ ಕತ್ತರಿಸಿ ಮಾಡಿದ ಬಿಲ್ಲೆಗಳು. ಒಂದು ಕಡೆ ದಪ್ಪ ಸ್ಕೆಚ್ ಪೆನ್ನಿನಲ್ಲಿ ಇಂಗ್ಲಿಷ್ ಅಕ್ಷರ, ತಿರುಗಿಸಿದರೆ ಯಾರದೋ ಮದುವೆಯ ಅರ್ಧ ಗಣಪತಿ, ಅರ್ಧ ಮುಹೂರ್ತ. ಒಟ್ಟು ನೂರು ಬಿಲ್ಲೆ. ಈ ನೂರರ ಲೆಕ್ಕ ನನ್ನದಲ್ಲ, ಸ್ಕ್ರ್ಯಾಬಲ್ ಅನ್ನೋ ಪದ ಜೋಡಿಸೋ ಆಟದ್ದು. ಅಮೆರಿಕದಲ್ಲಿ 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಆಲ್ಫ್ರೆಡ್ ಬಟ್ಸ್ ಅನ್ನೋ ಆರ್ಕಿಟೆಕ್ಟ್ ಆ ಆಟ ಕಟ್ಟಿದ್ದು. ಯಾವ ಅಕ್ಷರ ಎಷ್ಟು ಬೇಕು ಅಂತ ತಿಳಿಯೋಕೆ ದಿನಪತ್ರಿಕೆ ಹರಡಿಕೊಂಡು ಒಂದೊಂದೇ ಅಕ್ಷರ ಎಣಿಸಿದರಂತೆ. ಅದಕ್ಕೇ ಅದರಲ್ಲಿ ಇ 12 ಬಿಲ್ಲೆ, ಕ್ಯೂ ಮತ್ತು ಜೆಡ್ ಒಂದೊಂದೇ, ಎರಡು ಖಾಲಿ. ನಿಮ್ಮ ಬಿಲ್ಲೆಗೂ ಅದೇ ಲೆಕ್ಕ ಇಟ್ಟುಕೊಳ್ಳಿ.

ಒಂದು ಜುಲೈ ತಿಂಗಳು, ಮೂರು ದಿನದಿಂದ ಕರೆಂಟಿಲ್ಲ. ಸಿಲ್ವರ್ ಓಕ್ ಕೊಂಬೆ ಲೈನ್ ಮೇಲೆ ಬಿದ್ದಿತ್ತು. ಇನ್‌ವರ್ಟರ್ ಎರಡನೇ ದಿನಕ್ಕೇ ಕೈಕೊಟ್ಟಿತ್ತು. ಮೊಮ್ಮಗಳು ಬೋರು ಬೋರು ಅಂತ ಪ್ರಾಣ ತಿನ್ನುತ್ತಿದ್ದಳು. ಸೀಮೆಎಣ್ಣೆ ದೀಪದ ಕೆಳಗೆ ಎಂಟು ಬಿಲ್ಲೆ ಸುರಿದೆ: ಎಲಿಫೆಂಟ್. ‘ಇದರೊಳಗೆ ಏನೇನಿದೆ ಹುಡುಕು’ ಅಂದೆ. ಅವಳು ಬಿಲ್ಲೆಗಳನ್ನು ಸಾಲಾಗಿ ಇಟ್ಟು ಹತ್ತು ನಿಮಿಷ ನೋಡಿದಳು. ಏನೂ ಇಲ್ಲ. ಅವಳಿಗೆ ಕಾಣುತ್ತಿದ್ದದ್ದು ಆನೆ ಒಂದೇ. ಆಗ ಬಿಲ್ಲೆಗಳನ್ನು ದುಂಡಗೆ ಹರಡಿದೆ. ಮೊದಲು ಬಂದದ್ದು ಪ್ಲೇಟ್. ಆಮೇಲೆ ಅದೇ ಐದು ಬಿಲ್ಲೆ ತಿರುಗಿಸಿ ಪೆಟಲ್, ಪ್ಲೀಟ್, ಲೆಪ್ಟ್, ಒಂದರ ಹಿಂದೆ ಒಂದು. ಪ್ಲೀಟ್ ಅಂದರೆ ಸೀರೆ ನೆರಿಗೆ ಅಂತ ಅವಳ ಅಜ್ಜಿ ಅಡುಗೆಮನೆಯಿಂದಲೇ ಹೇಳಿದಳು. ಕೊನೆಗೆ ಮೊಮ್ಮಗಳು ಕೂಗಿದಳು, ‘ಅಜ್ಜ, ಪ್ಲಾನೆಟ್! ಆನೆ ಒಳಗೆ ಒಂದು ಗ್ರಹಾನೇ ಇದೆ.’ ಗ್ರಹ ತೆಗೆದ ಮೇಲೆ ಎರಡು ಬಿಲ್ಲೆ ಉಳಿಯಿತು, ಹೆಚ್ ಮತ್ತು ಇ. ‘ಹೀ’, ಅವನು. ದುಬಾರೆಯ ಆನೆ ಶಿಬಿರಕ್ಕೆ ಹೋದಾಗೆಲ್ಲ ಅವಳಿಗೆ ಅದೇ ಮಾತು, ಅವನು ಪ್ಲಾನೆಟ್, ಇವನು ಪ್ಲಾನೆಟ್.

ಹಾಗಾಗಿ ಮೊದಲ ಮಾತು ಅದೇ, ಸಾಲಾಗಿ ಇಡಬೇಡಿ, ದುಂಡಗೆ ಇಡಿ. ಸಾಲಿನಲ್ಲಿದ್ದರೆ ಕಣ್ಣು ಹಳೇ ಪದಕ್ಕೇ ಅಂಟಿಕೊಳ್ಳುತ್ತದೆ. ಆಮೇಲೆ ಬಾಲ ಹುಡುಕಿ. ಐ-ಎನ್-ಜಿ ಇದೆಯಾ, ಇ-ಡಿ ಇದೆಯಾ, ಇ-ಆರ್ ಇದೆಯಾ, ಟಿ-ಐ-ಓ-ಎನ್ ಇದೆಯಾ ನೋಡಿ, ಇದ್ದರೆ ಪಕ್ಕಕ್ಕೆ ಎತ್ತಿಡಿ. ಮಿಕ್ಕ ಮೂರ್ನಾಲ್ಕು ಅಕ್ಷರದ ಜೊತೆ ಗುದ್ದಾಡೋದು ಸುಲಭ. ಎಸ್ ಇದ್ದರೆ ಅದನ್ನು ಕೊನೆಗೆ ಇಟ್ಟುಕೊಳ್ಳಿ, ಬಹಳಷ್ಟು ನಾಮಪದಗಳಿಗೆ ಅಂಟಿಸಬಹುದು. ಇನ್ನು ಡಿಕ್ಷನರಿಯಲ್ಲಿ ಹುಡುಕುವಾಗ ಅಪರೂಪದ ಅಕ್ಷರದಿಂದ ಶುರು ಮಾಡಿ. ಇ, ಟಿ, ಎ ಎಲ್ಲಿ ನೋಡಿದರೂ ಸಿಗುತ್ತವೆ, ಅವುಗಳಿಂದ ಯಾವ ದಾರಿಯೂ ಕಾಣೋದಿಲ್ಲ. ವಿ, ಕೆ, ಜೆಡ್ ಇದ್ದರೆ ಅದನ್ನೇ ಗಟ್ಟಿಯಾಗಿ ಹಿಡಿಯಿರಿ. ಅದರ ಅಕ್ಕಪಕ್ಕ ಕೂರೋದು ಕೆಲವೇ ಅಕ್ಷರ.

ನಿಮ್ಮ ಮನೆಯಲ್ಲೂ ಡಬ್ಬ ತಯಾರಾದರೆ ಮೊದಲ ಸಂಜೆಗೆ ಎಸ್ಟೇಟ್ ಕೊಡಿ, ಇ-ಎಸ್-ಟಿ-ಎ-ಟಿ-ಇ. ಒಂದು ಇ ತೆಗೆದರೆ ಸ್ಟೇಟ್, ಅದನ್ನೇ ತಿರುಗಿಸಿದರೆ ಟೇಸ್ಟ್. ಇನ್ನೂ ಸಣ್ಣದು ಬೇಕಾ? ಟಿ-ಇ-ಎ. ಕಾಫಿ ಎಸ್ಟೇಟಿನೊಳಗೇ ಟೀ ಇದೆ. ನಾಪೋಕ್ಲಿನ ಹಿರಿಯರಿಗೆ ಇದು ಗೊತ್ತಿತ್ತೋ ಏನೋ.

ಪ್ರಶ್ನೆ: ನಾನು ದಿನಾ ಫೋನಿನಲ್ಲಿ ವರ್ಡಲ್, ಅದೇ ಐದಕ್ಷರದ ಗುಟ್ಟಿನ ಪದ ಊಹಿಸೋ ಆಟ, ಆಡ್ತೀನಿ. ಹಳದಿ ಬಣ್ಣ ಬಂದರೆ ಸಾಕು, ತಲೆ ಕೆಡುತ್ತದೆ. ಸುಲಭದ ದಾರಿ ಇದೆಯಾ?
– ವಿರಾಜಪೇಟೆಯಿಂದ ಒಬ್ಬ ಬ್ಯಾಂಕ್ ಉದ್ಯೋಗಿ

ಉತ್ತರ: ಹಳದಿ ಒಂದೇ ಸಲಕ್ಕೆ ಎರಡು ಸುದ್ದಿ ಕೊಡುತ್ತದೆ. ಅಕ್ಷರ ಪದದಲ್ಲಿದೆ, ಆದರೆ ಈ ಜಾಗದಲ್ಲಿ ಇಲ್ಲ. ಎಲ್ಲರೂ ಮೊದಲನೇದನ್ನು ನೆನಪಿಡುತ್ತಾರೆ, ಎರಡನೇದನ್ನು ಮರೆತು ಅದೇ ಜಾಗದಲ್ಲಿ ಮತ್ತೆ ಹಾಕುತ್ತಾರೆ. ಐದು ಗೆರೆ ಎಳೆದು, ಪ್ರತಿ ಗೆರೆ ಕೆಳಗೆ ‘ಇಲ್ಲಿ ಬರಬಾರದ್ದು’ ಅಂತ ಬರೆದುಕೊಳ್ಳಿ. ಆಟ ಎಲ್ಲರಿಗೂ ಸಿಕ್ಕಿದ್ದು 2021ರ ಅಕ್ಟೋಬರಿನಲ್ಲಿ, 2022ರ ಜನವರಿಯಲ್ಲೇ ನ್ಯೂಯಾರ್ಕ್ ಟೈಮ್ಸ್ ಅದನ್ನು ಕೊಂಡುಕೊಂಡಿತು. ಅಷ್ಟು ಬೇಗ ಜನರಿಗೆ ಹುಚ್ಚು ಹಿಡಿಸಿದ್ದು ಈ ಹಳದಿಯೇ ಅಂತ ನನ್ನ ಲೆಕ್ಕ. ಕೌಂಟರಿನಲ್ಲಿ ಕೂತು ಆಡಬೇಡಿ, ಕ್ಯೂನಲ್ಲಿ ನಾನೂ ಇರಬಹುದು.

ಪ್ರಶ್ನೆ: ಮಗ ಬೆಂಗಳೂರಿನಿಂದ ಬಂದಾಗೆಲ್ಲ ಸ್ಕ್ರ್ಯಾಬಲ್. ಕ್ಯೂ-ಐ ಅಂತ ಇಟ್ಟು ಅದೂ ಪದ ಅಂತಾನೆ. ಜೆಡ್-ಎ ಅಂತಾನೆ. ನನ್ನ ಡಿಕ್ಷನರಿಯಲ್ಲಿ ಎರಡೂ ಇಲ್ಲ. ನಾನು ಕೂರ್ಗ್ ಅಂತ ಇಟ್ಟರೆ ಮಾತ್ರ ತಪ್ಪಂತೆ. ಇದು ಯಾವ ನ್ಯಾಯ?
– ಕುಶಾಲನಗರದಿಂದ ಒಬ್ಬ ತಂದೆ

ಉತ್ತರ: ಹೊಟ್ಟೆ ಉರಿಯೋ ಸುದ್ದಿ, ಮಗನದ್ದೇ ಸರಿ. ಕ್ಯೂ-ಐ, ‘ಚೀ’ ಅಂತ ಓದಬೇಕು, ಚೀನೀಯರ ಪ್ರಾಣಶಕ್ತಿ. ಜೆಡ್-ಎ ಅಂದರೆ ಅಮೆರಿಕದ ಹುಡುಗರು ಪಿಜ್ಜಾ ಪದದ ತಲೆ ಕತ್ತರಿಸಿ ಉಳಿಸಿಕೊಂಡ ಬಾಲ. ಎರಡೂ 2006ರಲ್ಲಿ ಅಮೆರಿಕದ ಸ್ಕ್ರ್ಯಾಬಲ್ ಪಟ್ಟಿಗೆ ಸೇರಿದವು. ಕೂರ್ಗ್ ಊರಿನ ಹೆಸರು, ಅಂಕಿತನಾಮಕ್ಕೆ ಆಟದಲ್ಲಿ ಜಾಗ ಇಲ್ಲ. ಲಂಡನ್ನಿಗೂ ಇಲ್ಲ ಬಿಡಿ.

ನಿಜವಾದ ವಿಷಯ ಏನಂದರೆ, ‘ಇಂಗ್ಲಿಷ್ ಪದ ಎಷ್ಟು’ ಅನ್ನೋದು ನೀವು ಯಾವ ಪಟ್ಟಿ ಹಿಡಿದಿದ್ದೀರಿ ಅನ್ನೋದರ ಮೇಲೆ ಹೋಗುತ್ತದೆ. 2019ರ ಕಾಲಿನ್ಸ್ ಸ್ಕ್ರ್ಯಾಬಲ್ ಪಟ್ಟಿಯಲ್ಲಿ 2,79,496 ಪದ. ಮೇಲೆ ಹೇಳಿದ ಎನೇಬಲ್‌ನಲ್ಲಿ ಅದಕ್ಕಿಂತ ಲಕ್ಷ ಕಮ್ಮಿ. ನಿಮ್ಮ ಮನೆಯ ಡಿಕ್ಷನರಿಯಲ್ಲಿ ಇನ್ನೂ ಕಮ್ಮಿ ಇದ್ದೀತು. ಹಳಬರು ಕಾಲಿನ್ಸ್ ಪಟ್ಟಿಯನ್ನು ಸೌಪಾಡ್ಸ್ ಅಂತ ಕರೆಯುತ್ತಾರೆ. ಆ ಹೆಸರೇ ಒಂದು ಪದದಾಟ: ಓ-ಎಸ್-ಪಿ-ಡಿ ಅನ್ನೋ ಅಮೆರಿಕದ ಪಟ್ಟಿ, ಓ-ಎಸ್-ಡಬ್ಲ್ಯು ಅನ್ನೋ ಬ್ರಿಟನ್ನಿನ ಪಟ್ಟಿ, ಎರಡರ ಏಳು ಅಕ್ಷರ ಕಲಸಿದರೆ ಎಸ್-ಓ-ಡಬ್ಲ್ಯು-ಪಿ-ಓ-ಡಿ-ಎಸ್.

ಮುಂದಿನ ಸಲ ಆಟಕ್ಕೆ ಕೂರೋ ಮೊದಲೇ ಡಿಕ್ಷನರಿ ಯಾವುದು ಅಂತ ತೀರ್ಮಾನ ಮಾಡಿ. ನಿಮ್ಮದನ್ನೇ ಒಪ್ಪಿಸಿದರೆ ನೀವು ಗೆದ್ದ ಹಾಗೆ.

ಪ್ರಶ್ನೆ: ಐದೂ ಸ್ವರ ಇರುವ ಇಂಗ್ಲಿಷ್ ಪದ ಇದೆಯಾ?
– ಶನಿವಾರಸಂತೆಯಿಂದ, ಆರನೇ ಕ್ಲಾಸಿನ ಹುಡುಗ

ಉತ್ತರ: ಇದೆ ಮರಿ, ಬೇಕಾದಷ್ಟಿದೆ. ಎಜುಕೇಶನ್, ಈಕ್ವೇಶನ್. ನಿಮ್ಮ ಅಮ್ಮ ಮಾಡೋ ಗೋಬಿಯಲ್ಲೂ ಇದೆ, ಕಾಲಿಫ್ಲವರ್ ಬರೆದು ನೋಡು. ಎ, ಇ, ಐ, ಓ, ಯು ಇದೇ ಕ್ರಮದಲ್ಲಿ ಬರೋ ಪದ ಬೇಕಾದರೆ ಫೆಸೀಷಿಯಸ್: ಎಫ್-ಎ-ಸಿ-ಇ-ಟಿ-ಐ-ಓ-ಯು-ಎಸ್. ಹೊತ್ತುಗೊತ್ತಿಲ್ಲದೆ ತಮಾಷೆ ಮಾಡೋರಿಗೆ ಆ ಹೆಸರು. ಬಿಹೇವಿಯರ್ ಪದದಲ್ಲೂ ಐದೂ ಇದೆ, ಆದರೆ ಅಮೆರಿಕದವರು ಬರೆದರೆ ಅದರಲ್ಲಿ ಯು ಇರಲ್ಲ.

ಪ್ರಶ್ನೆ: ಇಂಗ್ಲಿಷಿಗೆ ಇಷ್ಟೆಲ್ಲ ಮಾಡ್ತೀರಿ, ಕನ್ನಡ ಪದಕ್ಕೆ ಈ ವಿಳಾಸದ ಉಪಾಯ ನಡೆಯಲ್ವಾ?
– ಪೊನ್ನಂಪೇಟೆಯಿಂದ ಒಬ್ಬ ಕನ್ನಡ ಶಿಕ್ಷಕಿ

ಉತ್ತರ: ನಡೆಯುತ್ತದೆ ಮೇಡಂ, ಆದರೆ ‘ಅಕ್ಷರ’ ಅಂದರೆ ಯಾವುದು ಅಂತ ಮೊದಲು ಜಗಳ ತೀರಬೇಕು. ಮಡಿಕೇರಿ ಅಂತ ಬರೆಯಿರಿ. ನಿಮಗೂ ನನಗೂ ಅದು ನಾಲ್ಕು ಅಕ್ಷರ. ಕಂಪ್ಯೂಟರಿಗೆ ಏಳು. ಮ, ಡ, ಕ, ರ ಅನ್ನೋದು ನಾಲ್ಕು, ಎರಡು ಗುಡಿಸು, ಒಂದು ದೀರ್ಘದ ಏತ್ವ, ಹೀಗೆ ಬಿಡಿಬಿಡಿಯಾಗಿ ಇಟ್ಟುಕೊಂಡಿರುತ್ತದೆ.

ಇದರಿಂದ ಏನಾಗುತ್ತೆ ನೋಡಿ. ರಸ, ಸರ. ಇದರಲ್ಲಿ ಯಾರಿಗೂ ತಕರಾರಿಲ್ಲ, ಒಂದೇ ಮನೆಯವರು. ಆದರೆ ರಾಮ, ಮಾರ? ಕಂಪ್ಯೂಟರ್ ಲೆಕ್ಕದಲ್ಲಿ ಎರಡರಲ್ಲೂ ರ, ಮ, ಒಂದು ದೀರ್ಘ, ಹಾಗಾಗಿ ಒಂದೇ ವಿಳಾಸ. ನಿಮ್ಮ ಮಕ್ಕಳನ್ನು ಕೇಳಿ. ‘ರಾ ಎಲ್ಲಿದೆ ಮಿಸ್, ಮಾರದಲ್ಲಿ ಇರೋದು ಬರೀ ರ’ ಅಂತಾರೆ. ನನ್ನ ಓಟು ಮಕ್ಕಳಿಗೇ. ನಮ್ಮ ಪದಬಂಧದಲ್ಲಿ ಒಂದು ಚೌಕಕ್ಕೆ ಒಂದು ಪೂರ್ತಿ ಅಕ್ಷರ ಬರೆದು ಬೆಳೆದವರು ನಾವು, ಕೊಂಬು ದೀರ್ಘ ಕಿತ್ತು ಬೇರೆ ಚೌಕಕ್ಕೆ ಹಾಕಿದರೆ ಒಪ್ಪೋದು ಹೇಗೆ? ಹಾಗಾಗಿ ಕನ್ನಡಕ್ಕೆ ಆಪ್ ಮಾಡೋರು ಮೊದಲು ಪದವನ್ನು ಪೂರ್ತಿ ಅಕ್ಷರಗಳಾಗಿ ಒಡೆಯಬೇಕು, ಒತ್ತಕ್ಷರ ಬಂದರೆ ಅದನ್ನು ಒಂದೇ ಅಂತ ಹಿಡಿಯಬೇಕು. ಆಮೇಲೆ ವಿಳಾಸ, ಜರಡಿ ಎಲ್ಲಾ ಹಾಗೇ. ನಿಮ್ಮ ಕ್ಲಾಸಿನಲ್ಲಿ ಮಕ್ಕಳಿಂದಲೇ ಇಂಥ ಜೋಡಿ ಹುಡುಕಿಸಿ, ಪೂರ್ತಿ ಅಕ್ಷರ ಹೊಂದೋ ಜೋಡಿ ಮಾತ್ರ. ಸಿಕ್ಕಿದ್ದನ್ನು ಕಳಿಸಿ, ಮಕ್ಕಳ ಹೆಸರಿನ ಜೊತೆ ಅಚ್ಚು ಹಾಕೋಣ.

ಪ್ರಶ್ನೆ: ಕಾಫಿ ಆಯಿತು, ಕಿತ್ತಳೆ ಆಯಿತು. ನಮ್ಮ ಒಳ್ಳೆಮೆಣಸು ಏನು ಪಾಪ ಮಾಡಿದೆ?
– ಸಿದ್ದಾಪುರದಿಂದ ಒಬ್ಬ ಬೆಳೆಗಾರರು

ಉತ್ತರ: ಪಾಪ ಮಾಡಿಲ್ಲ ಸರ್, ಕೊನೆಗೆ ಇರಲಿ ಅಂತ ಎತ್ತಿಟ್ಟಿದ್ದೆ. ಈ ಸಲದ ಕೆಲಸ ಅದೇ. ಪೆಪ್ಪರ್: ಪಿ-ಇ-ಪಿ-ಪಿ-ಇ-ಆರ್. ಮೂರು ಪಿ, ಎರಡು ಇ, ಒಂದು ಆರ್. ಇದಕ್ಕೆ ಒಂದು ಡಿ ಸೇರಿಸಿ. ಏಳು ಅಕ್ಷರದ ಪದ ಬರಬೇಕು, ಎಲ್ಲವೂ ಬಳಕೆಯಾಗಬೇಕು, ಎರಡು ಇ ಬೇಕೇ ಬೇಕು. ಸುಳಿವು ಬೇಕಾ? ಮದುವೆ ಹಿಂದಿನ ರಾತ್ರಿ ಅಡುಗೆಯವರು ತರಕಾರಿ ಹೆಚ್ಚಿ, ಮಸಾಲೆ ರುಬ್ಬಿ, ಎಲ್ಲಾ ಸಿದ್ಧ ಮಾಡಿಟ್ಟು ಬೀಡಿ ಹಚ್ಚಿಕೊಂಡು ಕೂರುತ್ತಾರಲ್ಲ, ಆ ಹೊತ್ತಿಗೆ ಆಗಿ ಮುಗಿದ ಕೆಲಸಕ್ಕೆ ಇಂಗ್ಲಿಷಿನಲ್ಲಿ ಹೇಳೋ ಮಾತು. ಶುರುವಾಗೋದು ಪಿ ಅಕ್ಷರದಿಂದ, ಹೊಸ ಡಿ ಕೂರೋದು ಕೊನೆಯಲ್ಲಿ. ಬಿಲ್ಲೆ ದುಂಡಗೆ ಇಡೋದು ಮರೀಬೇಡಿ.